ಒಂದು ಪೆಟ್ಟಿಗೆಗೆ ಒಂದೇ ಹಾವು

ಹೋದ ವಾರ ನಿಮ್ಮ ಮೊಲದ ಗೂಡಿಗೆ ಹಾಸಲೆಂದು ಮರ ಕೀಸಿದ ಹೊಟ್ಟಿನ ಚೀಲ ತಂದಿರಲ್ಲ, ಅದರ ಬಾಯಿ ಬಿಚ್ಚಿದ ಕೂಡಲೇ ನಾನು ಎದ್ದು ಒಳಗೆ ಹೋದೆ. ಅಜ್ಜಿಗೆ ಧೂಳು ಆಗುವುದಿಲ್ಲ ಎಂದುಕೊಂಡಿರಿ. ಧೂಳಲ್ಲ, ಆ ವಾಸನೆ. ಸ್ವಲ್ಪ ಸಿಹಿ, ಸ್ವಲ್ಪ ಒಣಹುಲ್ಲಿನಂತೆ... ನಮ್ಮ ಕೆಳಗಿನ ಮನೆಯ ಬಾಗಿಲು ತೆರೆದರೆ ಇದೇ ವಾಸನೆ ಬರುತ್ತಿತ್ತು. ಅಲ್ಲಿ ಇದ್ದವರ ವಿಷಯ ನಿಮಗೆ ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದು ಸುಮ್ಮನಾಗಿದ್ದೇನೆ. ಬರೆದರೆ ಹೇಳಬಲ್ಲೆ. ಓದಲು ಕಷ್ಟವಾದರೆ ನಿಮ್ಮಮ್ಮ ಓದಿ ಹೇಳಲಿ. ಅವಳಿಗೂ ಇದರಲ್ಲಿ ಪಾಲಿದೆ.

ನಿಮ್ಮ ತಾತ ಹೋದ ಮರುವರ್ಷ ನಾನು ಸ್ವೀಡನ್ನಿನ ಈ ಎಸ್ಕಿಲ್‌ಸ್ಟುನಾಕ್ಕೆ, ನಿಮ್ಮಮ್ಮನ ಮನೆಗೆ ಬಂದೆ. ನಿಮ್ಮಲ್ಲಿ ದೊಡ್ಡವಳು ಆಗಷ್ಟೇ ಡಾಗಿಸ್ ಎಂಬ ಶಿಶುವಿಹಾರಕ್ಕೆ ಹೋಗಲು ಶುರು ಮಾಡಿದ್ದಳು, ಚಿಕ್ಕವನು ಇನ್ನೂ ಹುಟ್ಟಿರಲಿಲ್ಲ. ಅರಸೀಕೆರೆ ಕಡೆಯ ಹಳ್ಳಿಯಲ್ಲಿ ಏಳನೆಯ ತರಗತಿ ಓದಿದವಳು ನಾನು. ಹೊಸಬರ ಎದುರಿಗೆ ನನಗೆ ಕನ್ನಡವೇ ಹೊರಡುತ್ತಿರಲಿಲ್ಲ, ಇನ್ನು ಸ್ವೀಡಿಷ್ ಎಲ್ಲಿಂದ ಬರಬೇಕು? ಕಟ್ಟಡಕ್ಕೆಲ್ಲ ಒಂದೇ ಇದ್ದ ಬಟ್ಟೆ ಒಗೆಯುವ ಕೋಣೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಹೊತ್ತು ಗೊತ್ತುಮಾಡಿರುತ್ತಾರೆಂದು ತಿಳಿಯದೆ, ಒಂದು ದಿನ ಕೆಳಮನೆಯವರ ಹೊತ್ತಿನಲ್ಲಿ ನಮ್ಮ ಬಟ್ಟೆ ಹಾಕಿಬಿಟ್ಟೆ. ಅವರು ಬುಟ್ಟಿ ಹಿಡಿದು ಬಂದು ನೋಡಿದರು. ಬೈಯುತ್ತಾರೆಂದು ಗೋಡೆಗೆ ಒತ್ತಿ ನಿಂತೆ. ಅವರು ಬುಟ್ಟಿ ಕೆಳಗಿಟ್ಟು, ನಾನು ಮಡಿಸಲಾಗದೆ ಒದ್ದಾಡುತ್ತಿದ್ದ ದೊಡ್ಡ ಹಾಸುಬಟ್ಟೆಯ ಇನ್ನೊಂದು ತುದಿ ಹಿಡಿದುಕೊಂಡರು.

ಎಪ್ಪತ್ತು ದಾಟಿದ ಹೆಂಗಸು, ಮದುವೆಯಾದವರಲ್ಲ. ಕಾರ್ಖಾನೆಯಲ್ಲಿ ವೆಲ್ಡಿಂಗ್ ಕೆಲಸ ಮಾಡಿ ಬಿಟ್ಟಿದ್ದರು. ಕೈ ಗಂಡಸರ ಕೈಯಂತೆ ಅಗಲವಾಗಿತ್ತು. ಗುರುವಾರ ಗುರುವಾರ ಫೀಕಾಗೆ, ಇಲ್ಲಿನವರ ಕಾಫಿ ಕೂಟಕ್ಕೆ, ಕರೆಯತೊಡಗಿದರು. ಅವರು ಕಾಫಿ ಸೋಸುವರು, ನಾನು ಕೋಡುಬಳೆ ಒಯ್ಯುವೆ. ಲೈಬ್ರರಿಯಲ್ಲಿ ವಾರಕ್ಕೊಮ್ಮೆ ಭಾಷೆ ಕಲಿಸುತ್ತಿದ್ದರು, ಅಲ್ಲಿ ಕಲಿತ ಹತ್ತು ಮಾತನ್ನು ಅವರ ಮುಂದೆ ಖರ್ಚು ಮಾಡುತ್ತಿದ್ದೆ. ಈ ದೇಶದಲ್ಲಿ ನಾನೇ ಮಾಡಿಕೊಂಡ ಸ್ನೇಹ ಅದೊಂದೇ. ಉಳಿದವರೆಲ್ಲ ನಿಮ್ಮಮ್ಮನ ಗೆಳತಿಯರು.

ಮೊದಲ ಗುರುವಾರ ಬಾಗಿಲು ತೆರೆದಾಗ ಅವರ ಕೊರಳಲ್ಲಿ ಹಾವಿತ್ತು. ಕಪ್ಪು ಮೈಗೆ ಬಿಳಿ ಪಟ್ಟೆ. ನನ್ನ ಕೈಯಿಂದ ಕೋಡುಬಳೆಯ ಡಬ್ಬ ಬಿದ್ದು ಮೆಟ್ಟಿಲಿಳಿಯುತ್ತ ಹೋಯಿತು. ನಾನು ಅಲ್ಲೇ ಕುಳಿತೆ. ಹಾವನ್ನು ಕೊಲ್ಲುವುದು ನೋಡಿದ್ದೆ, ಪೂಜೆ ಮಾಡುವುದು ನೋಡಿದ್ದೆ, ಒಡವೆಯ ಹಾಗೆ ಹಾಕಿಕೊಂಡು ಕಾಫಿ ಕಾಸುವುದು ನೋಡಿರಲಿಲ್ಲ.

ಅವರಲ್ಲಿ ಎರಡಿದ್ದವು, ಎರಡು ಗಾಜಿನ ಪೆಟ್ಟಿಗೆಗಳಲ್ಲಿ. "ಕಿಂಗ್‌ಸ್ನೇಕ್ ಅಂತಾರಮ್ಮ. ನಮ್ಮ ಕಾಳಿಂಗ ಅಲ್ಲ, ವಿಷ ಇಲ್ಲ, ಸಾಕ್ತಾರೆ" ಎಂದು ನಿಮ್ಮಮ್ಮ ಹೇಳಿದಳು. ಕಪ್ಪನೆಯದು ದೊಡ್ಡದು, ಬಲು ಸಾಧು. ಕೈಗೆ ಕೊಟ್ಟರೆ ಬೆರಳುಗಳ ನಡುವೆ ನಿಧಾನವಾಗಿ ನುಸುಳಿಕೊಂಡು ಹೋಗುತ್ತಿತ್ತು. ಕಂದು ಬಣ್ಣದ ಚಿಕ್ಕದರ ಸ್ವಭಾವ ಬೇರೆ. ಯಾರಾದರೂ ಹತ್ತಿರ ಹೋದರೆ ಬಾಲವನ್ನು ಪೆಟ್ಟಿಗೆಗೆ ಹಾಸಿದ ಹೊಟ್ಟಿನಲ್ಲಿ ಪಟಪಟನೆ ಬಡಿಯುತ್ತಿತ್ತು, ಮುಟ್ಟಿದರೆ ನಾರುವ ನೀರು ಬಿಡುತ್ತಿತ್ತು, ಕಚ್ಚುತ್ತಿತ್ತು. ಯಾರೋ ಹುಡುಗ ಸರಿಯಾಗಿ ನೋಡಿಕೊಳ್ಳದೆ ಕೆಡಿಸಿದ ಹಾವಂತೆ ಅದು. ಕೆಳಮನೆಯವರು ಅದನ್ನು ತಂದು, ದಿನವೂ ಹತ್ತು ನಿಮಿಷ ಪೆಟ್ಟಿಗೆಯೊಳಗೆ ಕೈಯಿಟ್ಟು ಸುಮ್ಮನೆ ಕೂರುತ್ತಿದ್ದರು. ಹಾಗೆ ನಾಲ್ಕು ವರ್ಷ. ಮುಂಗೈಯ ಸಣ್ಣ ಸಣ್ಣ ಚುಕ್ಕೆಗಳನ್ನು ನನಗೆ ತೋರಿಸಿ ನಗುತ್ತಿದ್ದರು. ನಾಲ್ಕನೆಯ ವರ್ಷದ ವಸಂತದಲ್ಲಿ ಒಂದು ದಿನ ಅದು ಬಾಲ ಬಡಿಯದೆ ಬಂದು ಅವರ ಅಂಗೈಯಲ್ಲಿ ತಲೆಯಿಟ್ಟಿತು. ಅವತ್ತು ಅವರು ಮೇಲೆ ಬಂದು, ಏದುಸಿರು ಬಿಡುತ್ತ, ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ತೋರಿಸಿದರು. ಹಾವಿಗೆ ಹೆದರಿಕೆಯಾಗದಿರಲೆಂದು ಇಬ್ಬರೂ ಬಾಗಿಲಲ್ಲೇ ಉಸಿರು ಬಿಗಿಹಿಡಿದು ನಿಂತಿದ್ದೆವು.

ಹಾವು ಮುಟ್ಟುವ ಮೊದಲು ಕೈ ತೊಳೆದು ಮೂಸಿ ನೋಡಬೇಕು ಎಂದು ಅವರೇ ಕಲಿಸಿದರು. ಕೈಗೆ ತಿಂಡಿಯ ವಾಸನೆ ಇದ್ದರೆ ಅದು ಬೆರಳನ್ನೇ ತಿಂಡಿ ಎಂದುಕೊಳ್ಳುತ್ತದೆ. ಸುರುಳಿ ಸುತ್ತಿದ ಕಾಗದದಿಂದ ಬೆನ್ನು ತಟ್ಟಿದರೆ, ಇದು ಊಟದ ಹೊತ್ತಲ್ಲ ಎಂದು ಅದಕ್ಕೆ ತಿಳಿಯುತ್ತದೆ. ಆಮೇಲೆ ನಡುಮೈ ಹಿಡಿದು ಎತ್ತಬೇಕು. ಕಪ್ಪನೆಯದನ್ನು ಎತ್ತುವಷ್ಟು ಧೈರ್ಯ ನನಗೆ ಬಂತು. ಊರಿನಲ್ಲಿ ಹೇಳಿದರೆ ಯಾರೂ ನಂಬುತ್ತಿರಲಿಲ್ಲ.

ಆ ಆಗಸ್ಟ್‌ನಲ್ಲಿ ಅವರಿಗೆ ಸೊಂಟದ ಆಪರೇಷನ್ ಆಯಿತು. ಹೋಗುವ ಮುಂಚೆ ಮನೆಯ ಬೀಗದ ಕೈ ನನಗೆ ಕೊಟ್ಟರು. ದಿನವೂ ನೀರು ಬದಲಾಯಿಸುವುದು ನನ್ನ ಕೆಲಸ, ಶನಿವಾರ ಫ್ರಿಜ್ಜಿನಲ್ಲಿಟ್ಟ ಸತ್ತ ಇಲಿ ಕೊಡುವುದು ನಿಮ್ಮಮ್ಮನ ಕೆಲಸ. ನನ್ನಿಂದ ಆ ಇಲಿಗಳನ್ನು ಮುಟ್ಟಲು ಆಗದೆಂದು ಅವರಿಗೆ ಗೊತ್ತಿತ್ತು. ಒಂದು ಕಾಗದದಲ್ಲಿ ಎರಡು ಹಾವಿನ ಚಿತ್ರ ಬರೆದು, ಮೇಲೆ ದೊಡ್ಡದಾಗಿ ಅಡ್ಡ ಗೀಟು ಎಳೆದು ಗೋಡೆಗೆ ಅಂಟಿಸಿದ್ದರು.

"ಎರಡನ್ನೂ ಒಟ್ಟಿಗೆ ಬಿಡ್ಲೇಬಾರದಂತೆ ಅಮ್ಮ, ನೆನಪಿಟ್ಕೋ" ಎಂದಳು ನಿಮ್ಮಮ್ಮ.

"ಯಾಕಂತೆ?"

"ಒಂಟಿಯಾಗಿರೋದೇ ಇವಕ್ಕೆ ಸರಿ ಅಂತೆ. ಎರಡೆರಡು ಸಲ ಹೇಳಿದಾರೆ."

ನನಗೆ ಒಳಗೊಳಗೇ ನಗು ಬಂತು. ಇಲ್ಲಿ ಎಲ್ಲರೂ ಒಂಟಿಯೇ ಅಲ್ಲವೇ? ಬಸ್ಸಿನಲ್ಲಿ ಒಬ್ಬೊಬ್ಬರು ಒಂದೊಂದು ಸೀಟಿನಲ್ಲಿ ಕೂರುತ್ತಾರೆ, ಬಟ್ಟೆ ಒಗೆಯಲು ಒಬ್ಬೊಬ್ಬರಿಗೆ ಒಂದು ಹೊತ್ತು, ವಯಸ್ಸಾದವರು ತಮ್ಮ ಪಾಡಿಗೆ ತಾವು. ತಮ್ಮ ದೇಶದ ಪದ್ಧತಿಯನ್ನು ಹಾವಿಗೂ ಹಚ್ಚಿದ್ದಾರೆ, ಪಾಪ, ಎಂದುಕೊಂಡೆ. ನಮ್ಮೂರ ಅರಳಿಕಟ್ಟೆಯಲ್ಲಿ ಒಂಟಿ ನಾಗರಕಲ್ಲು ಇದ್ದರೂ ನನ್ನ ಕಣ್ಣು ಹೋಗುತ್ತಿದ್ದುದು ಜೋಡಿ ಕಲ್ಲಿನ ಮೇಲೆಯೇ. ಎರಡು ಹಾವು ಹೆಣೆದುಕೊಂಡು ಮುಖಕ್ಕೆ ಮುಖ ಕೊಟ್ಟು ನಿಂತ ಕಲ್ಲು. ಮದುವೆಯಾದ ಹೊಸದರಲ್ಲಿ ನಿಮ್ಮ ತಾತ ಮತ್ತು ನಾನು ಅದಕ್ಕೇ ಹಾಲೆರೆದಿದ್ದೆವು. ಹಾವಿನ ವಿಷಯ ನನಗೆ ಇವರು ಹೇಳಿಕೊಡಬೇಕೇ, ಅನ್ನಿಸಿತು.

ಐದು ದಿನಕ್ಕೆ ಬರಬೇಕಾದವರು ಗಾಯ ಕೀವಾಗಿ ಆಸ್ಪತ್ರೆಯಲ್ಲೇ ಉಳಿದರು. ನಾಗರ ಪಂಚಮಿ ಬಂತು, ಶುಕ್ರವಾರ. ನಿಮ್ಮಮ್ಮ ಕೆಲಸಕ್ಕೆ ಹೋಗಿದ್ದಳು. ನಾನು ಚಿಗಳಿ, ತಂಬಿಟ್ಟು ಮಾಡಿ ಕೆಳಗೆ ತೆಗೆದುಕೊಂಡು ಹೋದೆ. ಗಾಜಿನ ಹೊರಗೆ ಅರಿಶಿನ ಕುಂಕುಮ ಇಟ್ಟೆ. ಹಾಲು ಕೊಡಬಾರದೆಂದು ಗೊತ್ತಿತ್ತು, ಕೊಡಲಿಲ್ಲ. ಕಂದು ಹಾವು ಮೂಲೆಯಲ್ಲಿ ಮುದುಡಿತ್ತು. ಯಜಮಾನಿ ಇಲ್ಲದೆ ಅದಕ್ಕೆ ದಿಗಿಲಾಗಿದೆ ಅನ್ನಿಸಿತು. ಆ ಸಾಧು ಕಪ್ಪನೆಯದರ ಜೊತೆ ಇದ್ದರೆ ಇದಕ್ಕೂ ಸಮಾಧಾನವಾದೀತು...

ಕೈ ತೊಳೆದು ಮೂಸಿ ನೋಡಿದೆ. ಕಾಗದದಿಂದ ತಟ್ಟಿದೆ. ಕಪ್ಪನೆಯದನ್ನು ಎತ್ತಿ ಕಂದು ಹಾವಿನ ಪೆಟ್ಟಿಗೆಯಲ್ಲಿ ಬಿಟ್ಟೆ.

ಕಂದು ಹಾವು ಬಾಲ ಬಡಿಯಿತು. ಕಪ್ಪನೆಯದು ನಾಲಗೆ ಚಾಚುತ್ತ ಅದರ ಪಕ್ಕಕ್ಕೆ ಸರಿಯಿತು. ಒಮ್ಮೆ ಹೊಟ್ಟು ಹಾರಿತು. ಆಮೇಲೆ ನೋಡಿದರೆ ಎರಡರ ತಲೆಯೂ ಹೊಟ್ಟಿನಡಿಯಲ್ಲಿತ್ತು, ಮೈಗೆ ಮೈ ಹೆಣೆದುಕೊಂಡಿತ್ತು. ಕಪ್ಪು, ಕಂದು, ಕಪ್ಪು, ಕಂದು. ಬಾಲ ಬಡಿಯುವ ಸದ್ದು ನಿಂತುಹೋಯಿತು. ನಮ್ಮೂರಿನ ಕಲ್ಲಿಗೆ ಜೀವ ಬಂದ ಹಾಗಿತ್ತು. ನನಗೆ ಕಣ್ಣೀರು ಬಂತು. ಮಕ್ಕಳೇ, ನಾನು ಅದಕ್ಕೆ ಕೈ ಮುಗಿದೆ. ನೆಲಕ್ಕೆ ಹಣೆ ಹಚ್ಚಿ ನಮಸ್ಕಾರ ಮಾಡಿದೆ. ಆಮೇಲೆ ಮೇಲೆ ಹೋಗಿ ಊಟ ಮಾಡಿ, ಪಾತ್ರೆ ತೊಳೆದೆ.

ಇನ್ನೊಮ್ಮೆ ಕಣ್ತುಂಬ ನೋಡೋಣವೆಂದು ಬಂದಾಗ ಪೆಟ್ಟಿಗೆಯಲ್ಲಿ ಒಂದೇ ಹಾವಿತ್ತು. ಅದರ ಬಾಯಿಂದ ಕಂದು ಬಣ್ಣದ ಮೈ ಒಂದು ಗೇಣಿನಷ್ಟು ಹೊರಗಿತ್ತು. ಆ ಬಾಲದ ತುದಿ ಇನ್ನೂ ಅದುರುತ್ತಿತ್ತು.

ಎಳೆದು ಬಿಡಿಸಲೇ ಅನ್ನಿಸಿತು, ಕೈ ಮುಂದೆ ಹೋಗಲಿಲ್ಲ. ಕಪ್ಪನೆಯದು ಅವಸರವಿಲ್ಲದೆ ದವಡೆಯನ್ನು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಸರಿಸುತ್ತಿತ್ತು. ಅದರ ಮುಖದಲ್ಲಿ ಸಿಟ್ಟಿರಲಿಲ್ಲ. ನನ್ನ ಬೆರಳುಗಳ ನಡುವೆ ನುಸುಳುವಾಗ ಇದ್ದ ಮುಖವೇ ಅದು. ಗೇಣು ಬೆರಳಾಯಿತು, ಆಮೇಲೆ ಏನೂ ಉಳಿಯಲಿಲ್ಲ. ಸಂಜೆ ನಿಮ್ಮಮ್ಮ ಬರುವವರೆಗೂ ನಾನು ಆ ನೆಲದ ಮೇಲೆಯೇ ಇದ್ದೆ.

"ಅಮ್ಮಾ! ಏನ್ ಮಾಡ್ಬಿಟ್ಟೆ ನೀನು?"

"ಪಾಪ ಅಂತ..."

"ಪಾಪನಾ? ಗೋಡೆ ಮೇಲೆ ಅಷ್ಟು ದೊಡ್ಡದಾಗಿ ಬರ್ದಿದಾರಲ್ಲಮ್ಮ!" ಫೋನಿನಲ್ಲಿ ಏನೋ ಹುಡುಕಿ ಓದಿ ತಲೆಯ ಮೇಲೆ ಕೈ ಹೊತ್ತಳು. "ಬೇರೆ ಹಾವನ್ನ ತಿನ್ನತ್ತೆ ಅಂತಾನೇ ಇದಕ್ಕೆ ಕಿಂಗ್ ಅಂತ ಹೆಸರಂತೆ. ಅಯ್ಯೋ, ನಾನೂ ಮೊದಲೇ ನೋಡ್ಲಿಲ್ವಲ್ಲ."

ಸ್ವಲ್ಪ ಹೊತ್ತಿನ ಮೇಲೆ ಅವಳೇ ದನಿ ತಗ್ಗಿಸಿದಳು. "ನೋಡು, ನಿಜ ಹೇಳೋದು ಬೇಡ. ಹುಷಾರಿಲ್ಲದೆ ಸತ್ತೋಯ್ತು, ಹೂತುಬಿಟ್ವಿ ಅಂತ ಫೋನ್ ಮಾಡ್ತೀನಿ."

"ಇದರ ಹೊಟ್ಟೆ ನೋಡಿದ್ರೆ?"

"ಇಲಿ ಕೊಟ್ವಿ ಅಂತೀನಿ."

"ಅಷ್ಟುದ್ದದ ಇಲೀನಾ?"

ಅವಳಿಗೆ ನಗು ಬಂತು, ಆ ಹೊತ್ತಿನಲ್ಲೂ. ನಗುತ್ತಲೇ ಅತ್ತುಬಿಟ್ಟಳು. ನನ್ನನ್ನು ಉಳಿಸಲೆಂದು ಅವಳು ಸುಳ್ಳು ಹುಡುಕುತ್ತಿದ್ದಳು ಅಷ್ಟೇ. ಆದರೆ ಆ ಮುಂಗೈಯ ಚುಕ್ಕೆಗಳು ನನ್ನ ಕಣ್ಣ ಮುಂದಿದ್ದವು. ನಾಲ್ಕು ವರ್ಷ ಕಚ್ಚಿಸಿಕೊಂಡವರಿಗೆ ಸುಳ್ಳು ಹೇಳಿ, ಮುಂದಿನ ಗುರುವಾರ ಅವರ ಎದುರು ಕುಳಿತು ಕಾಫಿ ಕುಡಿಯುವುದು ಹೇಗೆ? ನಿಜ ಹೇಳಿದರೆ ಗುರುವಾರಗಳೇ ಇರಲಾರವು, ಅದೂ ಗೊತ್ತಿತ್ತು.

ಮರುದಿನ ನಾನೊಬ್ಬಳೇ ಬಸ್ಸು ಹತ್ತಿ ಆಸ್ಪತ್ರೆಗೆ ಹೋದೆ. ಈ ದೇಶದಲ್ಲಿ ಒಬ್ಬಳೇ ಬಸ್ಸು ಹತ್ತಿದ್ದು ಅದೇ ಮೊದಲು. ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಬಾಯಲ್ಲಿ ಉರುಹಾಕಿದೆ. ನನ್ನನ್ನು ನೋಡಿ ಅವರು ಮಂಚದಲ್ಲಿ ಎದ್ದು ಕೂರಲು ಹೋದರು, ಅಷ್ಟು ಸಂತೋಷ. ನಾನು ನಿಂತೇ ಹೇಳಿದೆ. ನಾನು ಒಟ್ಟಿಗೆ ಇಟ್ಟೆ. ಒಂದು ಇನ್ನೊಂದನ್ನು ತಿಂದಿತು. ತಪ್ಪು ನನ್ನದು.

"ಯಾವುದು?" ಎಂದು ಕೇಳಿದರು.

ಉಳಿದದ್ದು ಕಪ್ಪು ಎಂದೆ.

ಅವರು ತಮ್ಮ ಮುಂಗೈಯನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡರು. ಕಿಟಕಿಯ ಕಡೆ ತಿರುಗಿ, "ಮನೆಗೆ ಹೋಗು" ಎಂದರು. ಅಷ್ಟೇ.

ಅವರು ಮನೆಗೆ ಬಂದ ದಿನ ಬೀಗದ ಕೈಯನ್ನು ನಿಮ್ಮಮ್ಮನಿಂದ ಇಸಿದುಕೊಂಡರು. ಆಮೇಲೆ ಗುರುವಾರಗಳಿಲ್ಲ. ಮೆಟ್ಟಿಲಲ್ಲಿ ಎದುರಾದರೆ "ಹೇಯ್" ಎನ್ನುವರು, ಅಪರಿಚಿತರಿಗೆ ಹೇಳುವ ಹಾಗೆ. ಎಲೆಯೆಲ್ಲ ಉದುರಿತು, ಹಿಮ ಬಿತ್ತು, ಚಿಕ್ಕವನು ಹುಟ್ಟಿದ. ಬಟ್ಟೆ ಒಗೆಯುವ ಕೋಣೆಯಲ್ಲಿ ಹಾಸುಬಟ್ಟೆಯ ಒಂದು ತುದಿಯನ್ನು ಗದ್ದಕ್ಕೆ ಒತ್ತಿಹಿಡಿದು ಒಬ್ಬಳೇ ಮಡಿಸುವುದನ್ನು ಕಲಿತೆ.

ಮಾರ್ಚ್‌ನಲ್ಲಿ ಒಂದು ಬೆಳಿಗ್ಗೆ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಊರುಗೋಲು ಹಿಡಿದು ಅವರು ನಿಂತಿದ್ದರು.

"ಪೆಟ್ಟಿಗೆ ತೊಳೆಯಬೇಕು. ಹಾವು ಹಿಡಿದುಕೊಂಡು ಬಗ್ಗಲು ನನ್ನಿಂದ ಆಗುವುದಿಲ್ಲ. ಬಾ."

ಕೆಳಗೆ ಹೋದೆ. ಕೈ ತೊಳೆದೆ. ನನ್ನ ಕೈಯನ್ನು ಅವರೇ ಮೂಗಿನ ಹತ್ತಿರ ಎಳೆದುಕೊಂಡು ಮೂಸಿ ನೋಡಿದರು, ಮಕ್ಕಳ ಕೈ ನೋಡುವ ಹಾಗೆ. "ಬೆಳ್ಳುಳ್ಳಿ" ಎಂದು ಮತ್ತೆ ತೊಳೆಸಿದರು. ಆಮೇಲೆ ಕಪ್ಪು ಹಾವನ್ನು ತಂದು ನನ್ನ ಅಂಗೈಗಳ ಮೇಲೆ ಇಟ್ಟರು. ಅದು ಮೊದಲಿನಂತೆಯೇ ಬೆರಳುಗಳ ನಡುವೆ ನುಸುಳಿತು, ಅಷ್ಟೇ ಮೆತ್ತಗೆ.

ಅವರು ಪೆಟ್ಟಿಗೆ ಉಜ್ಜುತ್ತಿದ್ದರು. ನಾನು ಬಂದಷ್ಟು ಸ್ವೀಡಿಷ್ ಮಾತು ಕೂಡಿಸಿ ಕೂಡಿಸಿ ಕೇಳಿದೆ, "ನಿಮಗೆ ಇದರ ಮೇಲೆ ಸಿಟ್ಟಿಲ್ಲವೇ?"

ಅವರು ಉಜ್ಜುವುದನ್ನು ನಿಲ್ಲಿಸಿದರು. "ಇದರ ಮೇಲೆ? ಇಲ್ಲ. ಇದು ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ, ಹಾವು." ಬಟ್ಟೆ ಹಿಂಡಿ ನನ್ನ ಕಡೆ ತಿರುಗಿದರು. "ನಿನ್ನ ಮೇಲೆ ಇದೆ."

ನಾನು ಹಾವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡೆ.

"ಈ ಸಿಟ್ಟು ಇನ್ನೂ ಎಷ್ಟು ದಿನ ಇರುತ್ತದೋ ಗೊತ್ತಿಲ್ಲ. ಮುಂದಿನ ತಿಂಗಳು ಮತ್ತೆ ತೊಳೆಯಬೇಕು, ಬರುತ್ತೀಯಾ?" ಎಂದು ಕೇಳಿದರು.

ಬರುತ್ತೇನೆ ಎಂದೆ.

ಎರಡು ವರ್ಷ, ತಿಂಗಳಿಗೊಮ್ಮೆ ಹೋದೆ. ನಾನು ಹಿಡಿದುಕೊಳ್ಳುತ್ತಿದ್ದೆ, ಅವರು ತೊಳೆಯುತ್ತಿದ್ದರು. ಕಂದು ಹಾವಿನ ಮಾತು ಇಬ್ಬರೂ ಎತ್ತಲಿಲ್ಲ. ಕೆಲವೊಮ್ಮೆ ಕಾಫಿ ಕೊಟ್ಟರು, ಕೆಲವೊಮ್ಮೆ ಕೊಡಲಿಲ್ಲ. ಕೊಡದ ದಿನ, ಸಿಟ್ಟು ಇನ್ನೂ ಇದೆ ಎಂದುಕೊಂಡು ಮೇಲೆ ಬರುತ್ತಿದ್ದೆ. ಮೂರನೆಯ ಚಳಿಗಾಲದಲ್ಲಿ ಅವರು ತೀರಿಹೋದರು. ಅವರ ತಮ್ಮನ ಮಗಳು ಉತ್ತರದ ಉಮೆಯೊ ಊರಿನಿಂದ ಬಂದು ಹಾವನ್ನು ತೆಗೆದುಕೊಂಡು ಹೋದಳು. ಸಾಮಾನು ಸಾಗಿಸುವ ದಿನ ನಾನು ಮೆಟ್ಟಿಲ ಮೇಲೆ ನಿಂತಿದ್ದೆ. ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ, ಹೇಳುವ ಧೈರ್ಯ ನನಗೂ ಬರಲಿಲ್ಲ.

ಈಗ ಕೆಳಗಿನ ಮನೆಯಲ್ಲಿ ಎಳೆಯ ದಂಪತಿಗಳಿದ್ದಾರೆ, ಒಳ್ಳೆಯವರು. ನನಗೂ ಈಗ ಸ್ವೀಡಿಷ್ ತಕ್ಕಮಟ್ಟಿಗೆ ಬರುತ್ತದೆ. ಆ ಸಿಟ್ಟು ಹೋಯಿತೇ ಎಂದು ಕೇಳಲು ಬೇಕಾದ ಮಾತುಗಳೆಲ್ಲ ಇವೆ, ಒಂದೂ ತಪ್ಪಿಲ್ಲದೆ ಕೇಳಬಲ್ಲೆ... ಕೇಳಬೇಕಾದವರಿಲ್ಲ. ಸಿಟ್ಟು ಇದ್ದುಕೊಂಡೇ ಅವರು ನನ್ನನ್ನು ಕರೆದರು ಎನ್ನುವುದಷ್ಟೇ ನನ್ನಲ್ಲಿ ಉಳಿದಿದೆ.