ಮೂರು ನಲ್ಲಿ ಮೂಳೆ

ಮೈಸೂರಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಸೆಕೆ ತಾಳಲಾರದೆ ರಾಜರಾಜೇಶ್ವರಿನಗರದ ಒಂದು ಸೂಪರ್‌ಮಾರ್ಕೆಟ್ಟಿಗೆ ನುಗ್ಗಿದೆ. ಅಲ್ಲಿನ ಮಾಂಸದ ಕೌಂಟರಿನಲ್ಲಿ ಒಂದೇ ಕುರಿಗೆ ಮೂರು ದರ್ಜೆ. ಮೂಳೆಯಿಲ್ಲದ ತೊಡೆಯ ಮಾಂಸಕ್ಕೆ ಬಂಗಾರದ ಬಣ್ಣದ ‘ಪ್ರೀಮಿಯಂ’ ಸ್ಟಿಕ್ಕರ್, ಬೆಲೆಯೂ ಹಾಗೇ. ಮೂಳೆ ಸಹಿತದ್ದು ನಡುವಿನ ದರಕ್ಕೆ. ಬರೀ ಮೂಳೆ ಕೆಳಗಿನ ತಟ್ಟೆಯಲ್ಲಿ, ಅಗ್ಗಕ್ಕೆ.

ನನ್ನ ಮುಂದೆ ಇಬ್ಬರು ಹೆಂಗಸರಿದ್ದರು. ನಾಯಂಡಹಳ್ಳಿಯ ಓರಗಿತ್ತಿಯರೆಂದು ಅವರ ಮಾತಿನಿಂದಲೇ ತಿಳಿಯಿತು.

“ಮೂರನ್ನೂ ಬೆರೆಸಿ ಎರಡು ಕೇಜಿ ಕೊಡಪ್ಪ,” ಎಂದರು ಹಿರಿಯಾಕೆ.

“ಆಗಲ್ಲ ಆಂಟಿ. ಒಂದೊಂದಕ್ಕೂ ಬೇರೆ ರೇಟು. ಬೆರೆಸಿದ್ರೆ ಬಿಲ್ ಹೆಂಗೆ ಹಾಕ್ಲಿ?”

ಇಬ್ಬರೂ ಮೂರು ಪೊಟ್ಟಣ ಕೊಂಡು ಹೊರಬಂದರು; ನಾನೂ ಹಿಂದೆಯೇ ಬಂದೆ. ಬಸ್‌ಸ್ಟಾಪಿನ ಬೆಂಚಿನ ಮೇಲೆ ಕವರ್ ಹಾಸಿ, ಎಲ್ಲವನ್ನೂ ಸುರಿದು, ಹಿರಿಯಾಕೆ ಎರಡು ಗುಡ್ಡೆ ಮಾಡಿದರು. ಹಬ್ಬಕ್ಕೆ ನಾಲ್ಕು ಮನೆಯವರು ಸೇರಿ ಕುರಿ ಕೊಯ್ದಾಗ ನಡೆಯುವ ಕ್ರಮವೇ ಇಲ್ಲೂ: ಗುಡ್ಡೆ ಹಾಕಿದವರು ಕೊನೆಗೆ ತಗೋಬೇಕು.

“ನೋಡ್ಕೊಳೇ, ಎರಡೂ ಒಂದೇ ಸಮ.”

ಕಿರಿಯಾಕೆ ಬಗ್ಗಿ ನೋಡಿದರು. ಒಳಗೆ ಮಜ್ಜೆಯಿದ್ದು ಸಾರಿಗೆ ರುಚಿ ಕೊಡುವ ನಲ್ಲಿ ಮೂಳೆ ಇದ್ದದ್ದು ಮೂರೇ. “ಇದು ನಂಗಿರ್ಲಿ ಅಕ್ಕ,” ಎಂದು ಎರಡು ಮೂಳೆಯಿದ್ದ ಗುಡ್ಡೆಯನ್ನು ಡಬ್ಬಿಗೆ ತುಂಬಿಕೊಂಡರು.

ಉಳಿದದ್ದರಲ್ಲಿ ನಲ್ಲಿ ಮೂಳೆ ಒಂದೇ; ಸರಿದೂಗಿಸಲೆಂದು ಹಾಕಿದ್ದ ಪ್ರೀಮಿಯಂ ತುಂಡುಗಳೇ ಹೆಚ್ಚು. ಹಿರಿಯಾಕೆ ಅದನ್ನೇ ಕವರಿನಲ್ಲಿ ಕಟ್ಟಿಕೊಂಡರು.

ಅವರ ಬಸ್ ಬಂತು. ಕಿರಿಯಾಕೆ ಮೊದಲು ಹತ್ತಿ, ಪಕ್ಕದ ಸೀಟಿನ ಮೇಲೆ ಕೈಯಿಟ್ಟು ಜಾಗ ಹಿಡಿದರು. ಹಿರಿಯಾಕೆ ಅದನ್ನು ದಾಟಿ ಹೋಗಿ ಹಿಂದಿನ ಸೀಟಿನಲ್ಲಿ ಕೂತರು.