ಒತ್ತಿ ನೋಡಿದ ಹೆಬ್ಬೆರಳು

ವಿದ್ಯೆ ಕೊಟ್ಟವರೆಲ್ಲರಿಗೂ, ಅವರೊಳಗೆ ವಿದ್ಯೆಯಾಗಿ ನಿಂತ ಭಗವಂತನಿಗೂ ಮೊದಲು ಕೃತಜ್ಞತೆಯ ವಂದನೆ.

ನಮ್ಮ ಶಾಲೆಯ ವ್ಯಾಯಾಮದ ಮಾಸ್ತರರ ಬಲ ಹೆಬ್ಬೆರಳು ಚಪ್ಪಟೆಯಾಗಿ, ಉಗುರು ನಡುವೆ ಸೀಳಿತ್ತು. ಹರೆಯದಲ್ಲಿ ಹಾಕಿಯ ಚೆಂಡು ಬಡಿದದ್ದು. ಕಲ್ಲುಗುಂಡಿಯ ಆ ಶಾಲೆಯಲ್ಲಿ ಸಂಸ್ಕೃತ ಪಾಠ ಹೇಳುತ್ತಿದ್ದಷ್ಟು ಕಾಲವೂ ಆ ಹೆಬ್ಬೆರಳನ್ನು ನಾನು ಗೌರವದಿಂದ ಕಂಡಿದ್ದೆ. ಆಟದಲ್ಲಿ ಬಿದ್ದ ಮಕ್ಕಳ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಹೆಬ್ಬೆರಳ ಬುಡದಲ್ಲಿ ಮಣಿಕಟ್ಟಿನ ಕುಳಿಯನ್ನು ಅವರು ತಮ್ಮ ಆ ಚಪ್ಪಟೆ ಬೆರಳಿನಿಂದ ಮೆಲ್ಲನೆ ಒತ್ತುವರು. "ಇಲ್ಲಿ ನೋವು ಉಂಟಾದ್ರೆ ಸ್ಟಿಕ್ ಮುಟ್ಲಿಕ್ಕಿಲ್ಲ. ಒಳಗೆ ಸಣ್ಣ ಎಲುಬು ಉಂಟು, ಮುರಿದದ್ದು ಹೊರಗೆ ಕಾಣುದಿಲ್ಲ" ಎನ್ನುವರು. ಅಳುವ ಮಗುವಿಗೆ, "ಕಪ್ ಪೇಟೆಯಲ್ಲಿ ಸಿಗ್ತದೆ ಮಾರಾಯ, ಕೈ ಸಿಗುದಿಲ್ಲ" ಎಂದು ನಗಿಸುವರು.

ಆ ನಂಬಿಕೆಯಿಂದಲೇ ಮೊಮ್ಮಗಳನ್ನು ಅವರ ತಂಡಕ್ಕೆ ಒಪ್ಪಿಸಿದೆ. ಫೈನಲಿನ ಹಿಂದಿನ ಸಂಜೆ ಅವಳು ಬಲಗೈ ಊರಿ ಬಿದ್ದಳು. ಮಾಸ್ತರರು ಕುಳಿಯನ್ನು ಒತ್ತಿದರು; ಅವಳು ಕೈಯನ್ನು ಸೆಳೆದುಕೊಂಡಳು. "ಎಂತ ಇಲ್ಲ, ಉಳುಕು" ಎಂದು ಪಟ್ಟಿ ಸುತ್ತಿದರು. ಮರುದಿನ ಅವಳು ಪೂರ್ತಿ ಆಡಿದಳು. ತಂಡ ಗೆದ್ದಿತು. ಮಾಸ್ತರರಿಗೆ ಶಾಲು ಹೊದಿಸಿದವನು ನಾನೇ.

ತಿಂಗಳುಗಳಾದರೂ ನೋವು ಹೋಗಲಿಲ್ಲ. ಮುರಿದ ಎಲುಬಿಗೆ ರಕ್ತ ಹರಿಯದೆ ಅದು ಸತ್ತಿದೆ, ಮಣಿಕಟ್ಟು ಇನ್ನು ಮೊದಲಿನಂತೆ ಬಾಗದು ಎಂದರು ಪುತ್ತೂರಿನ ವೈದ್ಯರು. ಅದೇ ಕುಳಿಯನ್ನು ತೋರಿಸಿ ಕೇಳಿದರು: "ಆಗ ಇಲ್ಲಿ ಯಾರೂ ಒತ್ತಿ ನೋಡ್ಲಿಲ್ವಾ?"

"ಮಾಸ್ಟ್ರು ನೋಡಿದ್ದಾರೆ" ಎಂದಳು ಮೊಮ್ಮಗಳು, ಅವರನ್ನು ಬಿಟ್ಟುಕೊಡದ ಧ್ವನಿಯಲ್ಲಿ.

ಮಾಸ್ತರರ ಜಗಲಿಯಲ್ಲಿ ಕುಳಿತು ಕೇಳಿದೆ: "ನಿಮಗೆ ಗೊತ್ತಾಗ್ಲಿಲ್ವಾ?"

"ಗೊತ್ತಾಗಿತ್ತು ಪಂಡಿತ್ರೇ. ಅವಳಿಲ್ಲದಿದ್ರೆ ನಾವು ಗೆಲ್ಲುದಿಲ್ಲ ಅಂತಲೂ ಗೊತ್ತಿತ್ತು. ನನಗದು ರಿಟೈರ್ ಆಗುವ ವರ್ಷ."

ತಿಳಿಯದೆ ಆಗಿದ್ದರೆ ಕ್ಷಮಿಸುವುದು ಸುಲಭವಿತ್ತು. ಅವರು ಕೊಟ್ಟ ಕಾಫಿಯನ್ನು ಮುಟ್ಟದೆ ಎದ್ದೆ. ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ.

ಕಳೆದ ಮಾಘದಲ್ಲಿ ಅವರು ತೀರಿಕೊಂಡರು. "ಅಜ್ಜ, ನೀವು ಬರದಿದ್ರೆ ನಾನೊಬ್ಬಳೇ ಹೋಗ್ತೇನೆ" ಎಂದಳು ಮೊಮ್ಮಗಳು. ಜೊತೆಗೆ ಹೋದೆ. ಅವಳು ಶವದ ಮುಂದೆ ಕೈ ಮುಗಿದಳು. ಬಲ ಮಣಿಕಟ್ಟು ಬಾಗದೆ ಅಂಗೈಗಳು ಪೂರ್ತಿ ಸೇರಲಿಲ್ಲ. ಊನವಿಲ್ಲದ ನನ್ನ ಎರಡು ಕೈಗಳು ಮೇಲೇಳಲು ಅವಳದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಅಂದು ಆಡಿದ ಎಲ್ಲ ಮಕ್ಕಳಿಗೂ, ಸೋತು ಮರಳಿದ ತಂಡಕ್ಕೂ, ಚಿಕಿತ್ಸೆ ಮಾಡಿದವರಿಗೂ ಮಂಗಳವಾಗಲಿ. ಮಾಸ್ತರರಿಗೂ ಆಗಲಿ ಎಂದು ಮೊಮ್ಮಗಳು ದೇವರಲ್ಲಿ ಬೇಡಿದ್ದಾಳೆ. ಅವಳ ಮಾತಿಗೆ ನಾನು ತಥಾಸ್ತು ಎನ್ನುತ್ತೇನೆ.