ಐದನೇ ತಾರೀಖಿನ ಶೂ

ದಿನವಿಡೀ ಊರಿನವರ ದುಡ್ಡು ಎಣಿಸುವ ಮನುಷ್ಯನಿಗೆ ತನ್ನ ಮಗನನ್ನು ನೋಡಿಕೊಂಡವಳ ಕೈಗೆ ನಾಲ್ಕು ನೋಟು ಎಣಿಸಿ ಕೊಡಲು ಬರಲಿಲ್ಲ. ಆರು ವರ್ಷವಾಯಿತು, ನನ್ನ ಸಿಟ್ಟು ಇನ್ನೂ ಆರಿಲ್ಲ. ಅವನು ಬ್ಯಾಂಕಿನ ಕ್ಯಾಷಿಯರು. ಈಗಲೂ ಆ ಬ್ಯಾಂಕಿಗೆ ಹೋದರೆ ಪಕ್ಕದ ಕಿಟಕಿಯ ಮುಂದೆ ಎಷ್ಟೇ ಉದ್ದ ಸಾಲಿದ್ದರೂ ಅಲ್ಲೇ ನಿಲ್ಲುತ್ತೇನೆ. ಅವನ ಮುಖ ಹತ್ತಿರ ಕಂಡರೆ ನನ್ನ ಕೈ ನನ್ನ ಮಾತು ಕೇಳುವುದಿಲ್ಲ.

ಆದರೆ ನಾನು ಹೇಳಹೊರಟಿರುವುದು ಅವನ ಕಥೆಯಲ್ಲ, ನನ್ನ ಅಕ್ಕನ ಕಥೆ.

ಅಮ್ಮ ಹೋದಾಗ ಅಕ್ಕನಿಗೆ ಹದಿಮೂರು, ನನಗೆ ಮೂರು. ಅಪ್ಪ ಇದ್ದ, ಇದ್ದೂ ಇಲ್ಲದ ಹಾಗೆ. ಅಕ್ಕ ಸ್ಕೂಲು ಬಿಟ್ಟು ನನ್ನನ್ನು ಸೊಂಟಕ್ಕೇರಿಸಿಕೊಂಡಳು. ಮುಂದೆ ಎರಡು ಕಡೆಯಿಂದ ಸಂಬಂಧ ಬಂತು. ಇಬ್ಬರೂ ಅಂದದ್ದು ಒಂದೇ: "ಹೆಣ್ಣು ಒಪ್ಪಿಗೆ, ಬಾಲ ಬೇಡ." ಬಾಲ ಅಂದರೆ ನಾನು. ಅಕ್ಕ ಬಾಲವನ್ನೇ ಇಟ್ಟುಕೊಂಡಳು. ಆ ಬಾಲ ಐದನೇ ಕ್ಲಾಸಿಗೆ ಸ್ಕೂಲಿಗೆ ಕೈಮುಗಿದು, ವೆಲ್ಡಿಂಗ್ ಕಲಿತು, ಅಂಗಡಿ ಹಾಕಿ, ಮದುವೆಯಾಗಿ ಬೇರೆ ಮನೆ ಮಾಡಿತು.

ಅಕ್ಕ ಹದಿನೆಂಟು ವರ್ಷ ಬಟ್ಟೆ ಫ್ಯಾಕ್ಟರಿಯಲ್ಲಿ ಇಸ್ತ್ರಿ ಮಾಡಿದಳು. ಬಲಭುಜ ಹಿಡಿದುಕೊಂಡು ಕೈ ಕಿವಿಗಿಂತ ಮೇಲೆ ಏಳದ ಹಾಗಾದಾಗ ಅವಳನ್ನು ಮನೆಗೆ ಕಳಿಸಿದರು. ಆಮೇಲೆ ಪಕ್ಕದ ಮನೆಯ ನರ್ಸಮ್ಮನ ಕೂಸನ್ನು ನೋಡಿಕೊಂಡಳು. ಒಂದು ಹೋಗಿ ಎರಡಾಯಿತು, ಎರಡು ಹೋಗಿ ಏಳಾಯಿತು. ಎರಡು ಕೋಣೆಯ ಬಾಡಿಗೆ ಮನೆ. ಮುಂದಿನ ಕೋಣೆಯ ಗೋಡೆಯಲ್ಲಿ ಮಕ್ಕಳ ಕೈಗೆ ಎಟುಕುವ ಎತ್ತರಕ್ಕೆ ಏಳು ಮೊಳೆ, ಏಳು ಬ್ಯಾಗು. ಬಾಗಿಲ ಪಕ್ಕ ಏಳು ಜೊತೆ ಶೂ. ಬೆಳಗ್ಗೆ ಬಂದ ಮಗುವಿನ ಶೂ ಬಿಚ್ಚಿ, ಅಂಗಾಲು ಒರೆಸಿ ಒಳಗೆ ಬಿಡುವುದು ಅವಳ ಪದ್ಧತಿ. ಶೂ ಬಿಚ್ಚಿದ ಮೇಲೆ ಮಗು ದೊಡ್ಡಮ್ಮನದು, ಹಾಕಿದ ಮೇಲೆ ಅಪ್ಪ ಅಮ್ಮನದು. ಮಕ್ಕಳೆಲ್ಲ ಅವಳನ್ನು ದೊಡ್ಡಮ್ಮ ಅನ್ನುತ್ತಿದ್ದವು.

ಐದನೇ ತಾರೀಖಿನೊಳಗೆ ದುಡ್ಡು ಕೊಡಬೇಕೆಂದು ಮಾತು. ಐದು ಹನ್ನೆರಡಾಗುತ್ತಿತ್ತು, ಹನ್ನೆರಡು ಇಪ್ಪತ್ತಾಗುತ್ತಿತ್ತು. ಅಕ್ಕನಿಗೆ ಕೇಳಲು ಬಾಯಿಲ್ಲ. ಅತ್ತ ಮನೆ ಯಜಮಾನ ಖಡಾಖಂಡಿತವಾಗಿ ಹೇಳಿದ್ದ: ಇನ್ನೊಂದು ಸಲ ಬಾಡಿಗೆ ತಡವಾದರೆ ಮನೆ ಖಾಲಿ ಮಾಡಬೇಕು. ಮನೆ ಹೋದರೆ ಮಕ್ಕಳೂ ಹೋಗುತ್ತವೆ, ಅನ್ನವೂ ಹೋಗುತ್ತದೆ.

ಆ ಸಂಜೆ ನಾನು ಅಲ್ಲೇ ಇದ್ದೆ. ಗೇಟು ನಾನೇ ಮಾಡಿಕೊಟ್ಟದ್ದು. ಅಕ್ಕನ ಭುಜಕ್ಕೆ ಹಿತವಾಗಲೆಂದು ಚಿಲಕ ಕೆಳಗಿಟ್ಟಿದ್ದೆ.

"ಲೋ, ಅದನ್ನ ಸ್ವಲ್ಪ ಮೇಲಕ್ಕೆ ಹಾಕಿಕೊಡೋ. ಬಟಾಣಿ ಕೈಗೆ ಎಟುಕ್ತಾ ಇದೆ," ಅಂದಳು ಅಕ್ಕ. ಬಟಾಣಿ ಅಂದರೆ ಕ್ಯಾಷಿಯರನ ಮಗ, ಮೂರೂವರೆ ವರ್ಷದವನು.

"ನಾಳೆ ಬರ್ತೀನಿ ಅಕ್ಕಾ," ಅಂದೆ. ಎರಡು ತಿಂಗಳಿಂದ ಅದನ್ನೇ ಅನ್ನುತ್ತಿದ್ದೆ.

ಅಷ್ಟರಲ್ಲಿ ಕ್ಯಾಷಿಯರು ಹೊಸ ಬೈಕಿನ ಕೀ ತಿರುಗಿಸುತ್ತ ಬಂದ. "ಅಕ್ಕಾ, ಈ ತಿಂಗಳು ಸ್ವಲ್ಪ ಕಷ್ಟ. ನಾಳೆ ಕೊಡ್ತೀನಿ."

"ಪರವಾಗಿಲ್ಲ ಬಿಡಪ್ಪಾ."

ನನಗೆ ತಡೆಯಲಾಗಲಿಲ್ಲ. "ಯಾವ ನಾಳೆ ಸ್ವಾಮಿ? ಹೋದ ತಿಂಗಳದ್ದಾ, ಈ ತಿಂಗಳದ್ದಾ?"

ಅವನು ನಕ್ಕ. "ಹೇಗಿದ್ರೂ ಅಕ್ಕ ಮನೇಲೇ ಕೂತಿರ್ತಾರಲ್ಲ. ಇದನ್ನೇನು ಆಫೀಸು ಅಂದ್ಕೊಂಡ್ರಾ?"

ಅವನು ಹೋದ ಮೇಲೆ ಅಕ್ಕನ ಮುಂದೆ ಕೂತು ಕಾನೂನು ಮಾಡಿದೆ. "ಬಗ್ಗಿದವರಿಗೆ ಒಂದು ಗುದ್ದು ಜಾಸ್ತಿ ಅಕ್ಕಾ. ಐದನೇ ತಾರೀಖು ದಾಟಿದ್ರೆ ಆ ಮಗುವಿನ ಶೂ ಬಿಚ್ಚಬೇಡ, ಬ್ಯಾಗು ಇಳಿಸಬೇಡ. ಬಾಗಿಲ ಹತ್ರ ಸ್ಟೂಲ್ ಮೇಲೆ ಕೂರಿಸು. ಸಂಜೆ ಬಂದವರು ಕಣ್ಣಾರೆ ನೋಡಲಿ."

"ಮಗು ಏನೋ ಮಾಡ್ತು?"

"ಮಗು ಏನೂ ಮಾಡ್ಲಿಲ್ಲ. ಅದಕ್ಕೇ ಕೆಲಸ ಆಗುತ್ತೆ."

ಆಯಿತು ಕೂಡ. ಮುಂದಿನ ತಿಂಗಳು ಆರನೇ ತಾರೀಖು ನಾಲ್ಕು ಮಕ್ಕಳು ಸಾಲಾಗಿ ಶೂ ಹಾಕಿಕೊಂಡು ಕೂತಿದ್ದವು. ಅದೇ ಸಂಜೆ ಮೂವರು ದುಡ್ಡು ತಂದರು. ಒಬ್ಬ ಟೀಚರಮ್ಮ ಅಳುತ್ತಾ ಬೈಯುತ್ತಾ ತಂದಳು. ಬಾಡಿಗೆ ಕಟ್ಟಿದ್ದಾಯಿತು. ನಾನು ಅಂಗಡಿಯಲ್ಲಿ ಬಂದವರಿಗೆಲ್ಲ ಹೇಳಿಕೊಂಡು ಮೆರೆದೆ.

ಉಳಿದವನು ಕ್ಯಾಷಿಯರು. ಸ್ಟೂಲಿನ ಮೇಲೆ ಕೂತ ಮಗನನ್ನು ನೋಡಿ ಅವನು ಅಂದದ್ದು ಇಷ್ಟೇ: "ಏನೋ ಬಟಾಣಿ, ರೆಡಿಯಾಗೇ ಕೂತಿದ್ದೀಯಾ? ಒಳ್ಳೇದಾಯ್ತು, ನನಗೂ ಕೆಲಸ ಕಮ್ಮಿ."

ಮೊದಮೊದಲು ಹುಡುಗ ಕೇಳುತ್ತಿದ್ದ: "ದೊಡ್ಡಮ್ಮಾ, ಶೂ ಬಿಚ್ಚಲಾ?"

"ನಿಮ್ಮಪ್ಪ ದುಡ್ಡು ತರಲಿ ಕಂದಾ, ಆಮೇಲೆ ಬಿಚ್ಚೋಣ."

ಮೂರನೇ ದಿನದಿಂದ ಕೇಳುವುದನ್ನು ಬಿಟ್ಟ. ಬ್ಯಾಗು ಹೊತ್ತೇ ಉಂಡ, ಬ್ಯಾಗಿಗೆ ಒರಗಿಯೇ ಮಲಗಿದ. ಉಳಿದ ಮಕ್ಕಳು ಚಾಪೆಯ ಮೇಲೆ ಬರಿಗಾಲಲ್ಲಿ ಕುಣಿಯುವುದನ್ನು ಕೂತಲ್ಲಿಂದಲೇ ನೋಡಿದ. ಅಕ್ಕ ನನಗೆ ಫೋನು ಮಾಡಿದಳು. "ಸಾಕು ಕಣೋ, ನನ್ನ ಕೈಲಾಗಲ್ಲ."

"ಇನ್ನೆರಡು ದಿನ. ಈಗ ಸೋತ್ರೆ ಎಲ್ಲರೂ ತಲೆ ಮೇಲೆ ಕೂರ್ತಾರೆ," ಅಂದೆ.

ಹತ್ತನೇ ದಿನ ಮಧ್ಯಾಹ್ನ ಅಕ್ಕ ಬಚ್ಚಲಲ್ಲಿ ಚಿಕ್ಕದೊಂದರ ಮೈ ತೊಳೆಯುತ್ತಿದ್ದಳು. ಹೊರಗೆ ಬಂದರೆ ಸ್ಟೂಲು ಖಾಲಿ. ಗೇಟು ತೆರೆದಿತ್ತು.

ಅಕ್ಕ ನನಗೆ ಫೋನು ಮಾಡಿದಳು. ಮಕ್ಕಳನ್ನು ನರ್ಸಮ್ಮನಿಗೆ ಒಪ್ಪಿಸಿ ಅವಳು ಒಂದು ಕಡೆ, ನಾನು ಒಂದು ಕಡೆ ಓಡಿದೆವು. ಒಂದೂವರೆ ಗಂಟೆ ಹುಡುಕಿದೆವು. ಕೊನೆಗೆ ಇಬ್ಬರೂ ಸೇರಿದ್ದು ಬಸ್ ಸ್ಟ್ಯಾಂಡಿನಲ್ಲಿ. ಹೊರಡಲು ನಿಂತ ಬಸ್ಸಿನ ಮುಂದಿನ ಸೀಟಿನಲ್ಲಿ ಹುಡುಗ ಕೂತಿದ್ದ. ಬೆನ್ನಿಗೆ ಬ್ಯಾಗು, ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ.

"ಯಾರ ಜೊತೆಗೋ ಬಂದಿರಬೇಕು ಅಂದ್ಕೊಂಡೆ," ಅಂದ ಕಂಡಕ್ಟರು. "ಶೂ, ಬ್ಯಾಗು ಎಲ್ಲಾ ಅಚ್ಚುಕಟ್ಟಾಗಿತ್ತಲ್ಲ."

"ಎಲ್ಲಿಗೆ ಹೊರಟಿದ್ದೆ ಮರಿ?" ಅಂದಳು ಅಕ್ಕ.

"ದುಡ್ಡು ತರಕ್ಕೆ."

ಮನೆಗೆ ತಂದು ಅಕ್ಕ ಶೂ ಬಿಚ್ಚಿದಳು. ಕಾಲು ಬೆಳೆದಿತ್ತು, ಶೂ ಬೆಳೆದಿರಲಿಲ್ಲ. ಬೈಕು ಹೊಸದು, ಮಗನ ಶೂ ಹೋದ ವರ್ಷದ್ದು. ಕಾಲುಚೀಲ ಹಿಮ್ಮಡಿಗೆ ರಕ್ತದಲ್ಲಿ ಅಂಟಿತ್ತು. ಅಕ್ಕ ಆ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಬಿಸಿನೀರು ಹನಿಸಿ ಹನಿಸಿ ಬಿಡಿಸಿದಳು. ಅಳಲಿಲ್ಲ. "ಇನ್ನೊಂದು ಕಾಲನ್ನ ನೀನು ಬಿಚ್ಚು," ಅಂದಳು. ಕೆಂಪಗೆ ಕಾದ ಕಬ್ಬಿಣ ಹಿಡಿದ ಕೈ ನನ್ನದು. ಆಗಲಿಲ್ಲ.

ಸಂಜೆ ಕ್ಯಾಷಿಯರು ಬೀದಿಗೆಲ್ಲ ಕೇಳುವಂತೆ ಕೂಗಾಡಿದ. "ಪೊಲೀಸಿಗೆ ಕೊಡ್ತೀನಿ! ಮಕ್ಕಳನ್ನ ಹೆತ್ತಿದ್ರೆ ತಾನೇ ಗೊತ್ತಾಗೋದು!" ನಾನು ಕೈ ಎತ್ತಿದೆ. ಅಕ್ಕ ನನ್ನ ಕಾಲರು ಹಿಡಿದು ಹಿಂದಕ್ಕೆಳೆದಳು.

"ತಪ್ಪು ನಂದೇ ಅಪ್ಪಾ. ನಿನ್ನ ದುಡ್ಡು ಬೇಡ. ಮಗೂಗೆ ದೊಡ್ಡ ಶೂ ತೆಗೆಸಿಕೊಡು."

ಅವನು ಮಗನನ್ನು ಮತ್ತೆ ಕಳಿಸಲಿಲ್ಲ, ಬಾಕಿ ಕೊಡಲಿಲ್ಲ, ಶೂ ತೆಗೆಸಿಕೊಟ್ಟನೋ ಇಲ್ಲವೋ ಗೊತ್ತಿಲ್ಲ. ಉಳಿದ ಮಕ್ಕಳಲ್ಲಿ ನಾಲ್ಕು ಆ ತಿಂಗಳೇ ಹೋದವು. ಅಕ್ಕ ಈಗ ಅದೇ ಬೀದಿಯಲ್ಲಿ ಒಂದೇ ಕೋಣೆಯಲ್ಲಿದ್ದಾಳೆ, ಎರಡು ಮಕ್ಕಳನ್ನು ನೋಡಿಕೊಳ್ಳುತ್ತಾಳೆ. ಅಲ್ಲೂ ಏಳು ಮೊಳೆ ಹೊಡೆದಿದ್ದಾಳೆ, ಐದಕ್ಕೆ ಬ್ಯಾಗಿಲ್ಲ.

ಹುಡುಗ ಬಸ್ಸಿನಲ್ಲಿ ಸಿಕ್ಕಿದ ಮಾರನೆಯ ಬೆಳಗ್ಗೆ ನಾನು ಸಾಮಾನು ಹೊತ್ತುಕೊಂಡು ಚಿಲಕ ಎತ್ತರಿಸಲು ಹೋದೆ. ಅಲ್ಲಿ ನನ್ನ ಎದುರಂಗಡಿಯ ವೆಲ್ಡರು ಆಗಲೇ ಕೆಲಸ ಮುಗಿಸಿ ಏಳುತ್ತಿದ್ದ. ಅಕ್ಕ ನನ್ನ ಕಣ್ಣೆದುರೇ ಅವನ ಅಂಗೈಗೆ ಎಣಿಸಿ ಕೊಟ್ಟಳು. "ತಗೋಪ್ಪಾ. ಕೆಲಸ ಮಾಡಿದವರಿಗೆ ಬಾಕಿ ಇಡಬಾರದು."

ನಾನು ಮೆಟ್ಟಿಲ ಬಳಿ ಚಪ್ಪಲಿ ಬಿಡಲು ಹೋದೆ.

"ಬಿಡಬೇಡ," ಅಂದಳು. "ಹಾಕ್ಕೊಂಡೇ ಇರು."

"ಎಷ್ಟು ದಿನ ಅಕ್ಕಾ?"

"ನನ್ನ ದುಡ್ಡು ಬರೋವರೆಗೂ."

"ಯಾವ ದುಡ್ಡು?"

"ನಿನ್ನನ್ನ ನೋಡ್ಕೊಂಡಿದ್ದು. ಅಮ್ಮ ಕೊಡ್ಲಿಲ್ಲ, ಅಪ್ಪ ಕೊಡ್ಲಿಲ್ಲ. ಐದನೇ ತಾರೀಖು ಎಂದೋ ದಾಟಿದೆ."

ಮುಂದಿನ ಐದಕ್ಕೆ ಕವರಿನಲ್ಲಿ ದುಡ್ಡಿಟ್ಟು ಒಯ್ದೆ. ಅವಳು ಮುಟ್ಟಲಿಲ್ಲ. "ನಾಳೆ ತಗೋತೀನಿ ಬಿಡು," ಅಂದಳು.

ಈಗಲೂ ಪ್ರತಿ ಐದನೇ ತಾರೀಖು ಹೋಗುತ್ತೇನೆ. ಬಾಗಿಲ ಹೊರಗೆ ಚಪ್ಪಲಿಯಲ್ಲೇ ನಿಂತು ಅವಳು ಕೊಟ್ಟ ನೀರು ಕುಡಿಯುತ್ತೇನೆ. ಅವಳು ನಾಳೆ ಅನ್ನುತ್ತಾಳೆ. ಕವರು ಅಂಗಡಿಯ ಡಬ್ಬಿಗೆ ವಾಪಸಾಗುತ್ತದೆ.